ಆಟೋದ ಹಿಂದೆ ಅತ್ತದ್ದು

೨೦೦೪ರಲ್ಲಿ ಏಳನೇ ಕ್ಲಾಸಿಗೇ ಓದು ನಿಲ್ಲಿಸಿದವನು ನಾನು. ಓದಿಲ್ಲದವನ ಕಟ್ಟುಕತೆ ಅಂತ ನಗುವವರು ನಗಲಿ. ಆ ರಾತ್ರಿ ಗಾಡಿ ಓಡಿಸಿದ ಕೈ ಇದೇ, ಕೇಳಿಸಿಕೊಂಡ ಕಿವಿಯೂ ಇದೇ.

ಹನೂರಿನ ಹತ್ತಿರ ನಮ್ಮೂರು. ರೇಷ್ಮೆಹುಳ ಸಾಕುತ್ತೇನೆ, ಗೂಡು ಸಾಗಿಸಲು ಸ್ವಂತ ಲಗೇಜ್ ಆಟೋ ಇದೆ. ಅವತ್ತು ಹುಳ ಹಣ್ಣಾಗಿತ್ತು. ಹಣ್ಣಾದ ಹುಳವನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವ ರಾತ್ರಿ ಮನೆಯವರು ಯಾರೂ ಹೊಸ್ತಿಲು ದಾಟುವಂತಿಲ್ಲ. ದಾಟಿದರೆ ಬೆಳೆ ಕೆಡುತ್ತದೆ ಅನ್ನುವುದು ನಮ್ಮನೆಯ ನಂಬಿಕೆ.

ಎಂಟು ತಿಂಗಳ ಮಗಳಿಗೆ ಮೂರು ದಿನದಿಂದ ಜ್ವರ. ಸಂಜೆ ಮೈ ತಣ್ಣಗಾಯಿತು.

“ಜರ ಬುಡ್ತು ಕಣ್ಲಾ. ಮಲಗ್ಸು ಸಾಕು,” ಅಂದಳು ಅವ್ವ.

ಮುಟ್ಟಿ ನೋಡಿದೆ. ಕೈಕಾಲು ಕೊರೆಯುವಷ್ಟು ತಣ್ಣಗೆ... ಉಸಿರು ಮಾತ್ರ ಓಡಿ ಬಂದವರ ಹಾಗೆ. ಹಾಲು ಚೀಪಲಿಲ್ಲ. ಅಳಲೂ ಇಲ್ಲ.

“ಆಸ್ಪತ್ರೆಗೆ ಓಯ್ತೀನಿ.”

“ಉಳ ಬುಟ್ಟು ಓಯ್ತೀಯಾ? ಬೆಳೆ ಓದ್ರೆ?”

“ಓಗ್ಲಿ ಬುಡವ್ವ! ಉಳ ಇನ್ನೊಂದ್ಸಲ ಮೇಯ್ಸ್ತೀನಿ. ಮಗ ಇನ್ನೊಂದ್ಸಲ ಬತ್ತದಾ?”

ಹೆಂಡತಿ ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಪಕ್ಕ ಕೂತಳು. ಮೂಟೆ ಹಾಕುವ ಹಿಂಭಾಗ ಖಾಲಿ. ಕೊಳ್ಳೇಗಾಲದ ದಾರಿ ಹಿಡಿದೆವು. ಸುತ್ತ ಒಂದು ಮನೆಯೂ ಇಲ್ಲದ ಕಡೆ, ನೂಲು ತೆಗೆಯಲು ಗೂಡು ಬೇಯಿಸುವ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು...

ಆಮೇಲೆ ಅಳು.

ನಮ್ಮ ಮಗಳ ಅಳುವೇ. ಕೊನೆಗೆ ಬಿಕ್ಕುವುದೂ ಅದೇ ರೀತಿ. ಆದರೆ ಹಿಂದಿನಿಂದ... ಆ ಖಾಲಿ ಜಾಗದಿಂದ.

“ನಿಲ್ಸಿ ಕಣ್ರಿ... ಮಗ ಇಂದ್ಗಡೆ ಅಳ್ತಾ ಅದೆ.”

“ನಿನ್ ಮಡ್ಲಲ್ಲಿರದು ಯಾರಮ್ಮಿ?”

ಅವಳು ಕಂಬಳಿ ಸರಿಸಿ ನೋಡಿದಳು. ಮಗುವಿನ ಬಾಯಿ ಮುಚ್ಚಿತ್ತು.

“ಗೊತ್ತಾಯ್ತಿಲ್ಲ...” ಅಂದಳು, ಪಿಸುಗುಟ್ಟಿದ ಹಾಗೆ.

ನನ್ನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ಅಳು ಇನ್ನೂ ಹತ್ತಿರ ಬಂತು, ಬೆನ್ನ ಹಿಂದಿನ ತಗಡಿಗೆ ಬಾಯಿಟ್ಟು ಅತ್ತ ಹಾಗೆ. ಮೈಯೆಲ್ಲ ಬೆವರು. ಅದರ ಜೊತೆಗೇ ಎಲ್ಲಿತ್ತೋ, ರೋಷ ಬಂತು.

“ಎಷ್ಟ್ ಅಳ್ತೀಯೋ ಅಳು! ಆಸ್ಪತ್ರೆ ಬಾಗ್ಲಗಂಟ ಗಾಡಿ ನಿಲ್ಸದಿಲ್ಲ ನಾನು!”

ಗೇರ್ ಹಾಕಿ ಎಳೆದೆ. ಮಧುವನಹಳ್ಳಿಯ ದೀಪ ಕಾಣುವವರೆಗೂ ಅದು ಅಳುತ್ತಲೇ ಬಂತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮಗುವಿನ ಉಗುರು ಒತ್ತಿ ನೋಡಿದವರೇ ನರ್ಸನ್ನು ಕೂಗಿದರು. “ರಕ್ತಕ್ಕೇ ಸೋಂಕು ಏರಿದೆ. ಮೈ ತಣ್ಣಗಾದದ್ದು ಜ್ವರ ಬಿಟ್ಟು ಅಲ್ಲ, ಮಗು ಸೋಲ್ತಾ ಇದೆ. ಇನ್ನು ಸ್ವಲ್ಪ ತಡ ಆಗಿದ್ರೆ ಕೈ ಮೀರ್ತಿತ್ತು,” ಅಂದರು. ಸೂಜಿ, ಡ್ರಿಪ್, ಆಕ್ಸಿಜನ್...

ಎರಡು ದಿನ ಕಳೆದ ಮೇಲೆ ಮಗಳು ಅತ್ತಳು. ಕೊನೆಗೆ ಬಿಕ್ಕಿದಳು. ಹೆಂಡತಿ ನನ್ನ ಮುಖ ನೋಡಿದಳು.

ಆ ಸಲದ ಬೆಳೆ ಪೂರ್ತಿ ಕೆಟ್ಟಿತು. ಅವ್ವ ಇವತ್ತಿಗೂ ಅದನ್ನೇ ಎತ್ತಿ ಆಡುತ್ತಾಳೆ. ಆಡಲಿ. ನನ್ನನ್ನು ನಿಲ್ಲಿಸಲು ನೋಡಿದ್ದು ಏನು, ಅದು ಎಲ್ಲಿ ಇಳಿದು ಹೋಯಿತು, ಗೊತ್ತಿಲ್ಲ. ಅದೇ ದಾರಿಯಲ್ಲಿ ಈಗಲೂ ರಾತ್ರಿ ಓಡಾಡುತ್ತೇನೆ. ಹಿಂಭಾಗ ಮಾತ್ರ ಖಾಲಿ ಬಿಡುವುದಿಲ್ಲ.

ಈಗ ನನಗಿರುವುದು ಇಷ್ಟು: ಒಂದೂವರೆ ಎಕರೆ ಹಿಪ್ಪುನೇರಳೆ, ಒಂದು ಹುಳದ ಮನೆ, ಒಂದು ಆಟೋ, ಹೆಂಡತಿ, ಅವ್ವ. ಮಗಳು ಒಬ್ಬಳು.