ಬ್ಯಾಟರಿ ಮಾತ್ರ ಸೂಪರ್

“ಮೇಡಂ, ಡಿಸ್ಕ್ ಪೋಚ್ಚು. ಬಟ್ ಬ್ಯಾಟರಿ ಸೂಪರ್ ಕಂಡೀಷನ್!”

ಹೀಗೆಂದ ಪೋರೂರಿನ ಲ್ಯಾಪ್‌ಟಾಪ್ ರಿಪೇರಿಯವನ ಮುಖದಲ್ಲಿ ಸಿಹಿಸುದ್ದಿ ಕೊಟ್ಟವನ ಕಳೆ. ಕೆನ್ನೆಗೆ ಒಂದು ಬಿಡಬೇಕೆನಿಸಿತು. ಬಿಡಲಿಲ್ಲ. (ನಮ್ಮ ಏರಿಯಾದಲ್ಲಿ ಇರುವವನು ಇವನೊಬ್ಬನೇ.)

ಡಿಸ್ಕ್ ಹೋದರೆ ಹೋಗಲಿ, ನನಗೇನು ಭಯ? ನನ್ನ ಬಳಿ ಬ್ಯಾಕಪ್ ಇದೆಯಲ್ಲ! ಬ್ಯಾಗಿನಿಂದ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ತೆಗೆದು ಠೀವಿಯಿಂದ ಅವನ ಮೇಜಿನ ಮೇಲಿಟ್ಟೆ. ಅವನು ತನ್ನ ಕಂಪ್ಯೂಟರಿಗೆ ಚುಚ್ಚಿ ನೋಡಿದ. ಮತ್ತೊಮ್ಮೆ ನೋಡಿದ. ಅದನ್ನು ಕೊಂಡ ದಿನ ನಾನೇ ಕೈಯಾರೆ ಕಾಪಿ ಮಾಡಿದ್ದ ಊಟಿ ಟ್ರಿಪ್ಪಿನ ಫೋಟೋಗಳಿದ್ದವು. ಆಮೇಲಿನದು ಏನೂ ಇರಲಿಲ್ಲ. ಅತ್ತೆಯ ಹಾಡು ಒಂದೂ ಇರಲಿಲ್ಲ.

ಅತ್ತೆ ಎಂದರೆ ನನ್ನ ಸೋದರತ್ತೆ, ತಿರುವಲ್ಲಿಕ್ಕೇಣಿಯ ಪದ್ಮಾವತಿ. ಅಲ್ಲಿನ ಕನ್ನಡದವರ ಮನೆಗಳಲ್ಲಿ ಮದುವೆ ಎಂದರೆ, ಹುಡುಗಿಯನ್ನು ಹೆಸರು ಹಿಡಿದು ಹಸೆಗೆ ಕರೆಯುವ ಹಾಡು ಅತ್ತೆಯದೇ. ಯಾವ ಪುಸ್ತಕದಲ್ಲೂ ಇಲ್ಲ, ಅವರಮ್ಮನ ಬಾಯಿಂದ ಅವರ ಬಾಯಿಗೆ ಬಂದದ್ದು. ನನ್ನನ್ನೂ ಹಸೆಗೆ ಕರೆದದ್ದು ಅದೇ ದನಿ.

ಆ ಗಂಟಲಲ್ಲೇ ಗಡ್ಡೆಯಾಯಿತು. ಆಪರೇಷನ್ ಮಾಡಿದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದರು ಡಾಕ್ಟರು. ಅತ್ತೆ ಕೂಡಲೇ ಫೋನ್ ಮಾಡಿದರು. “ಏನೇ, ನಿನ್ನ ಆ ರೆಕಾರ್ಡರ್ ತೊಗೊಂಡು ಒಡನೇ ಬಾ. ಮಾಲಿನಿ ಕಲ್ಯಾಣಕ್ಕೆ ನಾನು ಪಾಡದೇ ಇರೋದುಂಟಾ? ಬಾಯಿ ಹೋದ್ರೆ ಪೋಗಲಿ, ಪೆಟ್ಟಿಯಾದ್ರೂ ಪಾಡಲಿ!”

ಮಾಲಿನಿ ಅವರ ಮೊಮ್ಮಗಳು. ಶೋಳಿಂಗನಲ್ಲೂರಿನಲ್ಲಿ ಕೆಲಸ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ.

ಅತ್ತೆ ಬಿಸಿನೀರು ಗುಟುಕರಿಸುತ್ತ, ಕೆಮ್ಮುತ್ತ, ನಡುನಡುವೆ ನನ್ನನ್ನು ಬೈಯುತ್ತ, ಗೊತ್ತಿದ್ದದ್ದನ್ನೆಲ್ಲ ಹಾಡಿದರು. ರೆಕಾರ್ಡರ್ ಪುಟ್ಟದು, ಬೇಗ ತುಂಬುತ್ತಿತ್ತು. ಲ್ಯಾಪ್‌ಟಾಪಿಗೆ ಹಾಕಿ, ಅದನ್ನು ಖಾಲಿ ಮಾಡಿ, ಮತ್ತೆ ಹಾಡಿಸುತ್ತಿದ್ದೆ. ಹಾಡೆಲ್ಲ ಮುಗಿದು, ರೆಕಾರ್ಡರ್ ಕೊನೆಯ ಸಲವೂ ಖಾಲಿಯಾದ ಮೇಲೆ ಆಪರೇಷನ್ ಆಯಿತು. ಜೀವ ಉಳಿಯಿತು.

ಈಗ ನನ್ನ ಜಾಣತನ ಕೇಳಿ. ನಮ್ಮ ಏರಿಯಾದಲ್ಲಿ ಮಧ್ಯಾಹ್ನದ ಊಟ ಆಗುತ್ತಿದ್ದಂತೆ ಕರೆಂಟ್ ಹೋಗುತ್ತದೆ. (ಈ ಊರಿನಲ್ಲಿ ಟೈಮಿಗೆ ಸರಿಯಾಗಿ ನಡೆಯುವುದು ಅದೊಂದೇ.) ಫ್ಯಾನ್ ಇಲ್ಲದೆ ಅನುವಾದದ ಕೆಲಸ ಮಾಡಲಾಗುವುದಿಲ್ಲ. ಆ ಹೊತ್ತಿಗೆ ಲ್ಯಾಪ್‌ಟಾಪ್ ಸುಮ್ಮನೆ ಬಿದ್ದಿರುತ್ತದೆ. ಬ್ಯಾಟರಿಯಂತೂ ಇದೆ. ಹಾಗಾದರೆ ಬ್ಯಾಕಪ್ಪಿಗೆ ಅದಕ್ಕಿಂತ ಒಳ್ಳೆಯ ಹೊತ್ತು ಯಾವುದು? ಅದೇ ಸಮಯ ಸೆಟ್ ಮಾಡಿದೆ. ಭಾನುವಾರ ಬೇಡವೆಂದೆ. (ಯಂತ್ರಕ್ಕೂ ರಜೆ ಇರಲಿ ಎಂಬ ಔದಾರ್ಯ.) ಕರೆಂಟ್ ಹೋದೊಡನೆ ಹಾರ್ಡ್‌ಡಿಸ್ಕ್ ಸಿಕ್ಕಿಸಿ, ಅದರ ನೀಲಿ ದೀಪ ಮಿನುಗುವುದನ್ನು ನೋಡಿ, ಬೀಸಣಿಗೆ ಹಿಡಿದು ಮಲಗುತ್ತಿದ್ದೆ. ಯಾರಾದರೂ ಹತ್ತಿರ ಸುಳಿದರೆ “ಮುಟ್ಟಬೇಡಿ, ಬ್ಯಾಕಪ್ ಆಗ್ತಿದೆ” ಎಂದು ಗದರುತ್ತಿದ್ದೆ.

ಏನೂ ಆಗುತ್ತಿರಲಿಲ್ಲ!

ರಿಪೇರಿಯವನು ಹೊಸ ಡಿಸ್ಕ್ ಕೂರಿಸಿ ಅದೇ ಬ್ಯಾಕಪ್ ಸಾಫ್ಟ್‌ವೇರ್ ಹಾಕಿದಾಗ ಗುಟ್ಟು ಹೊರಬಿತ್ತು. ಸೆಟ್ಟಿಂಗ್ಸಿನ ಮೂಲೆಯಲ್ಲಿ ಒಂದು ಸಾಲು: ಬ್ಯಾಟರಿಯ ಮೇಲೆ ಓಡುತ್ತಿದ್ದರೆ ಕೆಲಸ ಆರಂಭಿಸಬೇಡ. ಅದರ ಮುಂದೆ ಒಂದು ಟಿಕ್. ನಾನು ಹಾಕಿದ್ದಲ್ಲ, ಹುಟ್ಟುವಾಗಲೇ ಹೊತ್ತುಕೊಂಡು ಬಂದದ್ದು. “ಅದು ಡೀಫಾಲ್ಟ್ ಮೇಡಂ. ಬ್ಯಾಟರಿ ಸೇವ್ ಪಣ್ಣೋಕೆ” ಎಂದು ಅವನು ಸಮಾಧಾನ ಹೇಳಿದ.

ಯಾರಪ್ಪಾ ನೀನು, ಆ ಟಿಕ್ ಹಾಕಿದವನು? ನಿನ್ನ ಊರಲ್ಲಿ ಕರೆಂಟ್ ಹೋಗುವುದಿಲ್ಲ, ಅಲ್ಲವೇ? ನಿನ್ನ ಪ್ರಕಾರ ಬ್ಯಾಟರಿಯ ಮೇಲೆ ಓಡುವ ಲ್ಯಾಪ್‌ಟಾಪ್ ಎಂದರೆ ವಿಮಾನದಲ್ಲಿ ಕಾಲು ಚಾಚಿ ಕೂತವನ ಲ್ಯಾಪ್‌ಟಾಪ್. ದಿನವೂ ಕತ್ತಲೆಗೆ ಲೆಕ್ಕ ಹಾಕಿ ಬದುಕುವ ಮನೆಗಳಿವೆ, ಬ್ಯಾಟರಿಯನ್ನು ಅಲ್ಲಿ ಬಳಸಲಿಕ್ಕೆಂದೇ ಇಟ್ಟುಕೊಂಡಿರುತ್ತಾರೆ ಎಂದು ನಿನಗೆ ಹೊಳೆಯಲೇ ಇಲ್ಲವೇ?

ಸರಿ, ಕೆಲಸ ಮಾಡಬೇಡ. ಮಾಡಲಿಲ್ಲ ಎಂದು ಬೊಗಳಬಾರದಿತ್ತೇ? ಇದೇ ಲ್ಯಾಪ್‌ಟಾಪ್ ನನಗೆ ಏನೆಲ್ಲ ಹೇಳಿದೆ! ಡೆಸ್ಕ್‌ಟಾಪಿನಲ್ಲಿ ನೀವು ಬಳಸದ ಐಕಾನ್‌ಗಳಿವೆ, ತೆಗೆಯಲೇ ಎಂದು ಬಲೂನು ಹಾರಿಸಿ ಪೀಡಿಸಿದೆ. ಅಪ್‌ಡೇಟ್ ಬಂದಿದೆ, ರೀಸ್ಟಾರ್ಟ್ ಮಾಡು ಎಂದು ಪ್ರಾಣ ಹಿಂಡಿದೆ. ಅತ್ತೆಯ ಹಾಡು ಉಳಿಸಿಲ್ಲ ಎಂಬುದೊಂದನ್ನು ಮಾತ್ರ ಬಾಯಿಬಿಡಲಿಲ್ಲ.

ಸತ್ತ ಡಿಸ್ಕನ್ನು ಡೇಟಾ ರಿಕವರಿಯವರ ಬಳಿ ಒಯ್ದೆ. ಒಳಗೆಲ್ಲ ಗೀರು ಬಿದ್ದಿದೆ ಎಂದು ಅವರೂ ಕೈಚೆಲ್ಲಿದರು.

ಮೊನ್ನೆ ತಿರುವಲ್ಲಿಕ್ಕೇಣಿಗೆ ಹೋಗಿ ಅತ್ತೆಗೆ ಹೇಳಿದೆ. ಹೇಳುವಾಗ ಅತ್ತುಬಿಟ್ಟೆ. ಮಾಲಿನಿ ಆಗಲೇ ಛತ್ರದ ಸ್ಪೀಕರಿನವರ ಹತ್ತಿರ ಮಾತಾಡಿ ಮುಗಿಸಿದ್ದಳು. “ಅಪ್ಪೋ ಯಾರ್ ಪಾಡುವಾ, ಆಂಟಿ?” ಎಂದಳು, ಹಾಗಾದರೆ ಹಾಡುವವರು ಯಾರು ಎಂದು.

ಅತ್ತೆ ನನ್ನ ಬ್ಯಾಗಿನತ್ತ ಕೈ ತೋರಿಸಿದರು. ರೆಕಾರ್ಡರ್ ಬೇಕಂತೆ. ಆನ್ ಮಾಡು ಎಂದು ಸನ್ನೆ ಮಾಡಿದರು. ಮಾಡಿದೆ. ಅದನ್ನು ತುಟಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೂ ತುಟಿಯಾಡಿಸಿದರು. ಮಾಲಿನಿಯ ಹೆಸರು ಬರುವ ಜಾಗದಲ್ಲಿ ಎಂದಿನಂತೆ ಅವಳತ್ತ ತಿರುಗಿದರು. ಉಸಿರು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ.

ಟಿಕ್ ಹಾಕಿದ ಮಹಾನುಭಾವರೇ, ನೀವು ಉಳಿಸಿಕೊಟ್ಟ ಬ್ಯಾಟರಿ ನಮ್ಮ ಹುಡುಗಿಯನ್ನು ಹಸೆಗೆ ಕರೆಯುತ್ತದೆಯೇ?