ಒಡಕಿಗೆ ಒಂದು ಹೆಚ್ಚಿನ ಕಲ್ಲು

ನಮ್ಮ ರಂಗಂಪೇಟೆಯ ಅಂಗನವಾಡಿಗೆ ಒಬ್ಬ ಸಹಾಯಕಿ ಬೇಕಾಗಿದ್ದಳು. ಮಕ್ಕಳ ಮೂಗು ಒರೆಸಲು, ಅಕ್ಕಿ ಆರಿಸಲು ನನಗೆ ಬರುತ್ತದೆ. ಹತ್ತನೆಯದು ಪಾಸಾಗಿರಬೇಕು ಎಂದರು. ಹದಿನೈದು ವರ್ಷದ ಹಿಂದೆ ಗಣಿತವೊಂದರಲ್ಲಿ ನಾನು ಫೇಲಾಗಿದ್ದೆ. ನನ್ನ ತಲೆಯಲ್ಲಿ ಸೆಗಣಿ ತುಂಬಿದೆ ಎಂದು ಆಗಿನ ಮಾಸ್ತರರು ಹೇಳಿದ್ದರು. ಮಾಸ್ತರರ ಮಾತಲ್ಲವೇ, ನಂಬಿದ್ದೆ.

ಆದರೂ ಮತ್ತೆ ಪರೀಕ್ಷೆಗೆ ಕಟ್ಟಿದೆ. ಪುಸ್ತಕ ತೆರೆದರೆ ಅಪವರ್ತಿಸುವ ಲೆಕ್ಕ: x² + 7x + 12. ಏಳನ್ನು ಎರಡು ಭಾಗ ಮಾಡಬೇಕು, ಆ ಎರಡನ್ನೂ ಗುಣಿಸಿದರೆ ಹನ್ನೆರಡು ಬರಬೇಕು. ಯಾಕೆ ಬರಬೇಕು ಎಂದು ಪುಸ್ತಕ ಹೇಳಲಿಲ್ಲ.

ನಮ್ಮ ಮನೆಯವರು ಗೌಂಡಿ. ನಾಲ್ಕನೇ ತರಗತಿ ಓದಿದವರು, ಮನೆಗಳ ನೆಲಕ್ಕೆ ಫರ್ಸಿ ಕಲ್ಲು ಹಾಸುತ್ತಾರೆ. ನನ್ನ ಗೊಣಗಾಟ ಎರಡು ದಿನ ಕೇಳಿ, x ವರ್ಗ ಅಂದರೇನು ಎಂದರು. ಉದ್ದವೂ x, ಅಗಲವೂ x ಎಂದೆ.

“ಹಂಗಂದ್ರ ಚೌಕ ಫರ್ಸಿ ಅನ್ನು.”

ಮರುದಿನ ಮುಂಜಾನೆ ಅಂಗಳದಲ್ಲಿ x²ಕ್ಕೆ ಒಂದು ದೊಡ್ಡ ಚೌಕ ಕಲ್ಲು, 7xಗೆ ಅಷ್ಟೇ ಉದ್ದದ ಏಳು ಪಟ್ಟಿ, ಹನ್ನೆರಡಕ್ಕೆ ಪಟ್ಟಿಯಷ್ಟೇ ಅಗಲದ ಸಣ್ಣ ಚೌಕ ತುಂಡುಗಳ ಗುಡ್ಡೆ.

“ಸಂದಿಲ್ಲದಂಗ ಎಲ್ಲಾ ಜೋಡಿಸು. ಆ ನೆಲದ ಉದ್ದ, ಅಗಲಾನೇ ನಿನ್ನ ಉತ್ತರ,” ಎಂದು ಹೇಳಿ ಕೆಲಸಕ್ಕೆ ಹೋದರು.

ದೊಡ್ಡ ಕಲ್ಲಿನ ಪಕ್ಕಕ್ಕೆ ನಾಲ್ಕು ಪಟ್ಟಿ, ಕೆಳಗೆ ಮೂರು ಇಟ್ಟೆ. ಮೂಲೆ ತುಂಬಿ ಒಂದು ತುಂಡು ಉಳಿಯಿತು. ಐದು, ಎರಡು ಮಾಡಿದೆ. ಮೂರು ಉಳಿದವು. ಆರು, ಒಂದು ಮಾಡಿದೆ. ಏಳು ಉಳಿದವು. ಗೌಂಡಿ ಕಡಿದ ಕಲ್ಲು, ಲೆಕ್ಕ ಸರಿಯಿರುತ್ತದೆ ಎಂದು ನಾನು ಎಣಿಸಲೇ ಇಲ್ಲ. ಬಿಸಿಲು ನೆತ್ತಿಗೆ ಬರುವ ತನಕ ಕುಕ್ಕರಗಾಲಲ್ಲಿ ಕೂತು ಜೋಡಿಸಿದೆ. ಮಾಸ್ತರರು ಸರಿಯಾಗಿಯೇ ಹೇಳಿದ್ದರು ಎಂದುಕೊಂಡು ಹಾಲ್ ಟಿಕೆಟನ್ನು ಜೋಳದ ಡಬ್ಬಿಯ ಕೆಳಗೆ ಹಾಕಿದೆ.

ಸಂಜೆ ಬಂದವರಿಗೆ, “ನಾ ಪರೀಕ್ಷಾ ಬರಿಯಂಗಿಲ್ರಿ. ಹೆಂಗ ಮಾಡಿದ್ರೂ ಉಳಿತದ,” ಎಂದೆ.

ನಾಲ್ಕು, ಮೂರು ಮಾಡಿಸಿ ನೋಡಿದರು. “ಇದು ಸರೀನೇ ಅದ. ಆ ಒಂದು ಒಡಕಿಗಿ ತಂದಿದ್ದು.”

ಕಲ್ಲು ಒಡೆದರೆ ಇರಲಿ ಎಂದು ಯಾವ ಗೌಂಡಿಯೂ ಒಂದು ಹೆಚ್ಚಿಗೆ ಇಡುತ್ತಾನಂತೆ.

“ಹೇಳಬಾರದೇನ್ರಿ?”

“ಇದನ್ನೂ ಹೇಳಬೇಕೇನು?”

ಮೊದಲು ಸಿಟ್ಟು ಬಂತು, ಆಮೇಲೆ ಅಳು. ಮೊದಲ ಸಲವೇ ನಾನು ಸರಿ ಮಾಡಿದ್ದೆ. ನನ್ನ ತಲೆ ಸರಿಯಿದೆ ಎಂದು ಹದಿನೈದು ವರ್ಷದಲ್ಲಿ ಮೊದಲ ಬಾರಿ ಅನ್ನಿಸಿತು. ಹಾಲ್ ಟಿಕೆಟ್ ಹೊರಗೆ ತೆಗೆದೆ.

ಪರೀಕ್ಷೆಯ ದಿನ ಶಹಾಪುರದ ಬಸ್ಸು ಹತ್ತಿಸುವಾಗ ಮನೆಯವರು ಇನ್ನೊಂದು ಪೆನ್ನು ಕೊಟ್ಟರು. ಒಂದಿದೆಯಲ್ಲ ಎಂದೆ.

“ಒಡಕಿಗಿ ಇರ್ಲಿ.”

x² + 9x + 20 ಬಂದಿತ್ತು. ಕಣ್ಣು ಮುಚ್ಚಿ ನೆಲ ಹಾಸಿದೆ. ಪಕ್ಕಕ್ಕೆ ಐದು, ಕೆಳಗೆ ನಾಲ್ಕು, ಏನೂ ಉಳಿಯಲಿಲ್ಲ. ಬರೆಯಹೋದರೆ ಪೆನ್ನು ನಿಂತುಹೋಯಿತು. ಉತ್ತರವನ್ನು ಎರಡನೆಯ ಪೆನ್ನಿನಲ್ಲಿ ಬರೆದೆ.

ಈಗ ಅಂಗನವಾಡಿಯಲ್ಲಿ ಅಕ್ಕಿ ಆರಿಸುತ್ತೇನೆ. ಪೆನ್ನಿನ ಸಂಗತಿ ಮನೆಯವರಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಅವರನ್ನು ಹಿಡಿಯುವವರಿಲ್ಲ.