ಕರಾರುವಾಕ್ಕಾಗಿ ನಾಲ್ಕು ಗಂಟೆ

ದೋಹಾದ ಮಂಗಳೂರು ಕಡೆಯವರ ನಡುವೆ ಶಿರ್ವದ ನೊರ್ಬರ್ಟ್ ಅಂದರೆ ತೂಕದ ಹೆಸರು. ಫ್ಯೂಸು ಹೋಗಲಿ, ಎಸಿ ಕೆಮ್ಮಲಿ, ನೀರಿನ ಪಂಪು ಮುನಿಸಿಕೊಳ್ಳಲಿ, ‘ನೊರ್ಬರ್ಟನಿಗೆ ಹೇಳಿ’ ಅನ್ನುವುದೇ ಮೊದಲ ಮದ್ದು. ಹದಿನಾಲ್ಕು ವರ್ಷದ ಸರ್ವಿಸು, ಪಾಲಿಟೆಕ್ನಿಕ್ಕಿನ ಡಿಪ್ಲೊಮಾ, ಕಿಸೆಯಲ್ಲಿ ಪೆನ್ನಿನ ಪಕ್ಕದಲ್ಲೇ ಟೆಸ್ಟರು. “ಮನುಷ್ಯ ಸುಳ್ಳು ಹೇಳ್ತಾನೆ, ಮೆಷಿನ್ ಹೇಳುವುದಿಲ್ಲ” ಎಂಬುದು ಅವನ ವೇದವಾಕ್ಯ. ಬಿನ್ ಮಹಮೂದ್ ಬಡಾವಣೆಯ ರೂಮಿನಲ್ಲಿ ಅವನ ಜೊತೆಗಿದ್ದ ಯೂಸ್ಟೇಸ್, ಅವನು ಬಾಯಿ ತೆರೆಯುವ ಮೊದಲೇ ಆ ಮಾತನ್ನು ಹೇಳಿ ಮುಗಿಸುತ್ತಿದ್ದ.

ತೊಂಬತ್ತೇಳರ ಆರಂಭದಲ್ಲಿ ಮದೀನತ್ ಖಲೀಫಾ ಬಡಾವಣೆಯ ಒಂದು ವಿಲ್ಲಾದಿಂದ ಅವನಿಗೆ ಕರೆ ಬಂತು. ಆ ಮನೆಯ ಮಗ ರಾಶಿದ್ ಅಮೆರಿಕದಲ್ಲಿ ಓದು ಮುಗಿಸಿ ಬರುವಾಗ ಒಂದು ಪೆಟ್ಟಿಗೆ ತಂದಿದ್ದ. ಮನೆಯ ದೀಪ, ಎಸಿ, ನೀರು ಕಾಯಿಸುವ ಹಂಡೆ, ತೋಟದ ನೀರು, ಎಲ್ಲವನ್ನೂ ಹೇಳಿಟ್ಟ ಹೊತ್ತಿಗೆ ತಾನೇ ಹಚ್ಚಿ ತಾನೇ ಆರಿಸುವ ಪೆಟ್ಟಿಗೆ. ನೊರ್ಬರ್ಟ್ ಅದನ್ನು ಮೆಟ್ಟಿಲಡಿಯ ಕಪಾಟಿನಲ್ಲಿ ಕೂರಿಸಿದ. ಅಮೆರಿಕದ ನೂರಹತ್ತು ವೋಲ್ಟಿಗೆಂದು ಒಂದು ಟ್ರಾನ್ಸ್‌ಫಾರ್ಮರ್ ಕೊಟ್ಟ, ಹೊತ್ತುಗಳನ್ನೆಲ್ಲ ಒತ್ತಿದ, ಕೊನೆಗೆ ಬೆನ್ನಿಗೆ ತನ್ನ ಹೆಸರು ಮತ್ತು ಟೆಲಿಫೋನು ನಂಬರಿನ ಚೀಟಿಯನ್ನು ಠೀವಿಯಿಂದ ಅಂಟಿಸಿದ. ಅಂಟಿಸುವ ಜಾಗದಲ್ಲಿ ಏನು ಬರೆದಿದೆ ಎಂದು ಓದುವಷ್ಟು ಪುರುಸೊತ್ತು ಈ ಪಂಡಿತನಿಗೆ ಇರಲಿಲ್ಲ.

ಆ ಮನೆಯ ಅಡುಗೆಯವಳು ಉಳ್ಳಾಲದ ರುಕಿಯಾ. ಐವತ್ತೆರಡರ ವಿಧವೆ, ಹನ್ನೊಂದು ವರ್ಷದಿಂದ ಅದೇ ಮನೆಯಲ್ಲಿ. ರಾಶಿದನ ತಾಯಿ, ಯಜಮಾನಿ ಉಮ್ ರಾಶಿದಳನ್ನು ಅವಳು ಅಲ್ಲಿಯ ರೂಢಿಯಂತೆ ‘ಮಾಮಾ’, ಅಂದರೆ ಅಮ್ಮ, ಎಂದು ಕರೆಯುತ್ತಿದ್ದಳು. ಮಾಮಾ ಅವಳಿಗೊಂದು ಮಾತು ಕೊಟ್ಟಿದ್ದಳು: ಈ ವರ್ಷ ಹಜ್‌ಗೆ ಹೋಗುವಾಗ ನಿನ್ನನ್ನೂ ನಮ್ಮ ತಂಡದ ಹೆಂಗಸರ ಜೊತೆ ಕರೆದೊಯ್ಯುತ್ತೇನೆ. ರುಕಿಯಾ ಆಗಲೇ ಬಿಳಿ ಬಟ್ಟೆ ಹೊಲಿಸಿಟ್ಟುಕೊಂಡಿದ್ದಳು. ನೊರ್ಬರ್ಟ್ ಹೋದಾಗಲೆಲ್ಲ ಅವನ ಕೈಗೆ ಚಾ ಕೊಟ್ಟು, ತುಳುವಿನಲ್ಲಿ ಅದೇ ಸುದ್ದಿ ಹೇಳುತ್ತಿದ್ದಳು.

ಪೆಟ್ಟಿಗೆ ಮೊದಲ ವಾರವೇ ತಲೆಕೆಟ್ಟ ಹಾಗೆ ಆಡಿತು. ಮುಸ್ಸಂಜೆಯ ಮಗ್ರಿಬ್ ನಮಾಝಿನ ಹೊತ್ತಿಗೆ ಹತ್ತಬೇಕಾದ ಅಂಗಳದ ದೀಪ ಒಂದು ದಿನ ಎರಡು ಗಂಟೆ ತಡ, ಇನ್ನೊಂದು ದಿನ ಹಾಡಹಗಲು. ಬೆಳಗಿನ ನಮಾಝಿಗೆ ಮೊದಲು ಕೈಕಾಲು ಮುಖ ತೊಳೆದು ವುಝು ಮಾಡಲು ಬಿಸಿನೀರಿಲ್ಲ. ಅತಿಥಿಗಳು ಬೆವರುತ್ತ ಕುಳಿತ ಮೇಲೆ ಎಸಿ ಬರುವುದು, ಅವರು ಎದ್ದು ಹೋದ ಮೇಲೆ ಮನಸಾರೆ ಬೀಸುವುದು.

ನೊರ್ಬರ್ಟನಿಗೆ ರಜೆ ಶುಕ್ರವಾರ ಮಾತ್ರ. ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ನೋಡಿದರೆ ಪೆಟ್ಟಿಗೆಯ ಗಡಿಯಾರ ಐದು ತೋರಿಸುತ್ತಿತ್ತು. ಸರಿಮಾಡಿ ಬಂದ. ಮುಂದಿನ ಶುಕ್ರವಾರ ಒಂಬತ್ತಕ್ಕೆ ಮತ್ತೆ ಐದು. ಮೂರನೆಯ ಶುಕ್ರವಾರವೂ ಐದೇ.

“ಮೆಷಿನ್ ಕೆಟ್ಟರೆ ಹೇಗೆಂದರೆ ಹಾಗೆ ಕೆಡ್ತದೆ, ಮದಾಮ್,” ಎಂದ ನೊರ್ಬರ್ಟ್, ತನ್ನ ಹರಕು ಅರಬ್ಬಿಯಲ್ಲಿ. “ಪ್ರತಿ ಸಲ ಕರಾರುವಾಕ್ಕಾಗಿ ನಾಲ್ಕು ಗಂಟೆ ಹಿಂದೆ ಹೋಗುವುದಿಲ್ಲ. ಇದು ಕೈ. ಯಾರೋ ಒತ್ತುತ್ತಿದ್ದಾರೆ.”

ಮೆಟ್ಟಿಲಡಿಯ ಕಪಾಟಿಗೆ ಪೊರಕೆ, ಬಕೆಟ್ಟು ತೆಗೆಯಲು ಹೋಗುವವಳು ರುಕಿಯಾ ಒಬ್ಬಳೇ. ಹೆಸರು ಹೇಳಬೇಕಾದ ಅಗತ್ಯವೇ ಬೀಳಲಿಲ್ಲ. ಮಾಮಾ ಅವಳನ್ನು ಕರೆದು ಕೇಳಿದಳು.

“ವಲ್ಲಾಹಿ, ನಾನು ಮುಟ್ಟಿಲ್ಲ ಮಾಮಾ. ಧೂಳು ಒರೆಸಲಿಕ್ಕೂ ಹೆದರಿಕೆ ನನಗೆ.”

ಮಾಮಾ ನೊರ್ಬರ್ಟನ ಮುಖ ನೋಡಿದಳು. ಅವನು ಟೆಸ್ಟರನ್ನು ಕಿಸೆಗೆ ಸಿಕ್ಕಿಸಿಕೊಳ್ಳುತ್ತ, ಮೆಷಿನ್ ಸುಳ್ಳು ಹೇಳುವುದಿಲ್ಲ ಎಂದ.

“ಮುಟ್ಟಿದ್ದರೆ ಮುಟ್ಟಿದೆ ಅನ್ನಬಹುದಿತ್ತು, ನಾನೇನು ನಿನ್ನನ್ನು ತಿನ್ನುತ್ತಿದ್ದೆನೇ?” ಎಂದಳು ಮಾಮಾ. “ಅಲ್ಲಾಹನ ಹೆಸರಲ್ಲಿ ಸುಳ್ಳು ಆಣೆ ಇಟ್ಟೆಯಲ್ಲ. ಇಂಥವಳನ್ನು ನಾನು ಮಕ್ಕಾಕ್ಕೆ ಕರೆದೊಯ್ಯುವುದಿಲ್ಲ. ಖಲಾಸ್.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುತ್ತಾರಲ್ಲ, ಅದು ಅಲ್ಲಿ ನಡೆಯಿತು. ಬರೆ ಎಳೆದವನು ಮಾಮಾಳ ಅಪ್ಪಣೆಯಂತೆ ಪೆಟ್ಟಿಗೆಯನ್ನು ಸದ್ಯಕ್ಕೆ ಆರಿಸಿಟ್ಟು, ಅಂದು ಚಾ ಕುಡಿಯದೆ ಹೊರಟ. ರುಕಿಯಾ ಕೊಡಲೂ ಇಲ್ಲ.

ಆ ಶನಿವಾರ ಯೂಸ್ಟೇಸ್ ರೂಮಿಗೆ ಕರೆಂಟಿನಲ್ಲಿ ಓಡುವ ಒಂದು ಮೇಜಿನ ಗಡಿಯಾರ ತಂದ. ಊರಿಗೆ ಮರಳುತ್ತಿದ್ದ ಅಮೆರಿಕದ ಸಂಸಾರವೊಂದು ಸಾಮಾನು ಮಾರುತ್ತಿತ್ತಂತೆ. ಟ್ರಾನ್ಸ್‌ಫಾರ್ಮರಿಗೆ ಚುಚ್ಚಿ ಸಂಜೆ ಆರಕ್ಕೆ ಸರಿಮಾಡಿಟ್ಟ. ಆದಿತ್ಯವಾರ ಸಂಜೆ ಆರಕ್ಕೆ ನೊರ್ಬರ್ಟ್ ಕೆಲಸದಿಂದ ಬಂದು ಶೂ ಬಿಚ್ಚುವಾಗ ಅದು ಎರಡು ಗಂಟೆ ತೋರಿಸುತ್ತಿತ್ತು.

“ನಿನ್ನ ಮೆಷಿನ್ ಸುಳ್ಳು ಹೇಳ್ತದಲ್ಲಾ ಮಾರಾಯ,” ಎಂದು ಯೂಸ್ಟೇಸ್ ನಕ್ಕ.

ನೊರ್ಬರ್ಟ್ ಒಂದು ಕಾಲಿನ ಶೂ ಹಾಗೇ ಬಿಟ್ಟು ಗಡಿಯಾರ ಮಗುಚಿದ. ಅಡಿಯಲ್ಲಿ ಅರವತ್ತು ಸೈಕಲ್ ಎಂದಿತ್ತು. ಅಮೆರಿಕದ ಕರೆಂಟು ಸೆಕೆಂಡಿಗೆ ಅರವತ್ತು ಸಲ ಮಿಡಿಯುತ್ತದೆ, ಕತಾರಿನದು ಐವತ್ತು. ಇಂಥ ಗಡಿಯಾರ ಆ ಮಿಡಿತವನ್ನೇ ಎಣಿಸಿ ಹೊತ್ತು ಹೇಳುತ್ತದೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜು ಇಳಿಸೀತು, ಮಿಡಿತ ಬದಲಿಸದು. ದಿನಕ್ಕೆ ನಾಲ್ಕು ಗಂಟೆ ನಷ್ಟ, ವಾರಕ್ಕೆ ಇಪ್ಪತ್ತೆಂಟು. ಅಂದರೆ ಒಂದು ಇಡೀ ದಿನ, ಮೇಲೆ ನಾಲ್ಕು ಗಂಟೆ. ಶುಕ್ರವಾರದಿಂದ ಶುಕ್ರವಾರಕ್ಕೆ ನೋಡುವವನಿಗೆ ಆ ಇಡೀ ದಿನ ಕಾಣುವುದಿಲ್ಲ, ನಾಲ್ಕು ಗಂಟೆ ಮಾತ್ರ ಕಾಣುತ್ತದೆ. ಪಾಲಿಟೆಕ್ನಿಕ್ಕಿನ ಮೊದಲ ವರ್ಷದ ಪಾಠ ಇದು. ನೊರ್ಬರ್ಟನಿಗೆ ಕಿವಿಯವರೆಗೆ ಬಿಸಿಯಾಯಿತು. ಯೂಸ್ಟೇಸನಿಗೂ ಅವನು ಏನೂ ಹೇಳಲಿಲ್ಲ.

ಸೋಮವಾರ ಸಂಜೆ ಕೆಲಸ ಮುಗಿದದ್ದೇ ವಿಲ್ಲಾಕ್ಕೆ ಹೋದ. ‘ತಪ್ಪು ನನ್ನದು’ ಎಂಬುದನ್ನು ಅರಬ್ಬಿಯಲ್ಲಿ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ. ಮಾಮಾ ಬಾಗಿಲಲ್ಲೇ ಸಿಕ್ಕಿ, ಏನು ಬಂದೆ ಎಂದು ಕೇಳಿದಳು. “ಮಾಫಿ ಮುಶ್ಕಿಲ್ ಮದಾಮ್, ತೊಂದರೆ ಏನಿಲ್ಲ, ಸುಮ್ಮನೆ ಒಂದು ಚೆಕಪ್,” ಎಂದುಬಿಟ್ಟ. ಕಪಾಟಿನೊಳಗೆ ಕುಕ್ಕರಗಾಲಿನಲ್ಲಿ ಕುಳಿತು, ತಾನು ಅಂಟಿಸಿದ ಚೀಟಿಯನ್ನು ಉಗುರಿನಿಂದ ಕೆರೆದ. ಅಡಿಯಲ್ಲಿ ಅದೇ ಅರವತ್ತು ಸೈಕಲ್. ಗಡಿಯಾರದ ಭಾಗವನ್ನು ಬಿಚ್ಚಿ, ದಾರಿಯಲ್ಲಿ ಸೂಖ್ ಪೇಟೆಯಿಂದ ತಂದ ಐವತ್ತು ಸೈಕಲಿನ ಟೈಮರ್ ಜೋಡಿಸಿ ಪೆಟ್ಟಿಗೆಯನ್ನು ಮತ್ತೆ ಚಾಲೂ ಮಾಡಿದ. ಪಾದ್ರಿಯ ಹತ್ತಿರ ಪಾಪನಿವೇದನೆಗೆ ಹೋದರೆ ಮರೆಯಲ್ಲಿ ಪಿಸುಗುಟ್ಟಿ ಮುಗಿಸಬಹುದು. ಇಲ್ಲಿ ಹಜಾರದ ಬೆಳಕಿನಲ್ಲಿ, ಇಬ್ಬರು ಹೆಂಗಸರ ಎದುರು ಹೇಳಬೇಕು. ಶುಕ್ರವಾರ ಹೇಳಿದರಾಯಿತು, ಎಲ್ಲ ಸರಿಯಾಗಿ ನಡೆಯುತ್ತಿರುವಾಗ ಹೇಳುವುದು ಸುಲಭ ಎಂದು ತನಗೆ ತಾನೇ ಸಮಾಧಾನ ಮಾಡಿಕೊಂಡ. ರುಕಿಯಾ ಅಂದು ಚಾ ಕೊಟ್ಟಳು. ನೆಲ ನೋಡುತ್ತ ಕುಡಿದು ಹೊರಟುಬಿಟ್ಟ.

ಶುಕ್ರವಾರ ಒಂಬತ್ತಕ್ಕೆ ಹೋದಾಗ ಗಡಿಯಾರ ಒಂಬತ್ತು ತೋರಿಸುತ್ತಿತ್ತು. ಮಾಮಾ ಖುಷಿಯಲ್ಲಿದ್ದಳು. “ನೋಡಿದೆಯಾ, ಬೈದ ಮೇಲೆ ನಿನ್ನ ಪೆಟ್ಟಿಗೆ ನೆಟ್ಟಗಾಯಿತು,” ಎಂದಳು. ನೊರ್ಬರ್ಟ್ ಹಲ್ಲು ಕಿರಿದ. ಆ ನಗು ಅವನಿಗೇ ಹೇಸಿಗೆಯಾಯಿತು.

ಅಡುಗೆಮನೆಯಲ್ಲಿ ರುಕಿಯಾ ಅವನನ್ನು ಕಾಯುತ್ತಿದ್ದಳು.

“ನೊರ್ಬರ್ಟ್, ನೀನು ನನ್ನನ್ನು ಕ್ಷಮಿಸಬೇಕು,” ಎಂದಳು. “ಮನಸ್ಸಿನಲ್ಲಿ ನಿನಗೆ ತುಂಬ ಶಾಪ ಹಾಕಿದ್ದೇನೆ. ಮಾಮಾ ಬೈದ ಮೇಲೆ ನಾನು ಆ ಕಪಾಟಿನ ಹತ್ತಿರವೇ ಹೋಗಿಲ್ಲ. ಈಗ ನೋಡು, ಎಲ್ಲ ಸರಿ ಉಂಟು. ಹಾಗಾದರೆ ನನ್ನದೇ ಕೈ ತಾಗಿದ್ದು ಅಲ್ವಾ? ಗೊತ್ತಿಲ್ಲದೆ ಅಲ್ಲಾಹನ ಮೇಲೆ ಸುಳ್ಳು ಆಣೆ ಹಾಕಿಬಿಟ್ಟೆ. ಇನ್ನು ಯಾವ ಮುಖ ಇಟ್ಟುಕೊಂಡು ಕಾಬಾದ ಎದುರು ನಿಲ್ಲುವುದು? ಹೋಗದಿರುವುದೇ ಒಳ್ಳೆದಾಯ್ತು.”

ಕಳ್ಳನಿಗೆ ಒಡೆಯನೇ ಕೈಮುಗಿದ ಹಾಗೆ. ನೊರ್ಬರ್ಟ್ ಲೋಟ ಕೆಳಗಿಟ್ಟ. ಜೀವಮಾನದಲ್ಲಿ ಅಷ್ಟು ನಾಚಿಕೆ ಅವನಿಗೆ ಎಂದೂ ಆಗಿರಲಿಲ್ಲ. ನೇರ ಹಜಾರಕ್ಕೆ ಹೋಗಿ, ಬಾಯಿಪಾಠದ ಅರಬ್ಬಿ ಎಲ್ಲ ಮರೆತು, ಹಿಂದಿ ಅರಬ್ಬಿ ಕಲಸಿ ಹೇಳಿದ: ಪೆಟ್ಟಿಗೆ ಇಲ್ಲಿಯ ಕರೆಂಟಿಗೆ ಆಗುವುದಿಲ್ಲ. ನೋಡದೆ ಹಾಕಿದವನು ನಾನು. ರುಕಿಯಾ ಮುಟ್ಟಿಲ್ಲ. ಅವಳ ಆಣೆ ಸತ್ಯ.

ಮಾಮಾ ಎದ್ದು ಅವನೊಂದಿಗೆ ಅಡುಗೆಮನೆಗೆ ಬಂದು, ಎಲ್ಲ ಕೇಳಿಸಿಕೊಂಡಿದ್ದ ರುಕಿಯಾಳ ತಲೆ ಹಿಡಿದು ಹಣೆಗೆ ಮುತ್ತಿಟ್ಟು ಅತ್ತಳು. “ಹೆಸರು ಕೊಡುವ ಹೊತ್ತು ಮುಗಿಯಿತಲ್ಲೇ,” ಎಂದಳು. “ಎಲ್ಲರ ಪಾಸ್‌ಪೋರ್ಟು ಮಂಗಳವಾರವೇ ತಂಡದ ಆಫೀಸಿಗೆ ಹೋಯಿತು. ಇನ್ನು ನಾನು ಕಾಲು ಹಿಡಿದರೂ ಅವರು ಸೇರಿಸುವುದಿಲ್ಲ.”

ಮಾಮಾ ಕಣ್ಣೊರೆಸಿಕೊಂಡು ಒಳಗೆ ಹೋದಳು. ರುಕಿಯಾ ಒಲೆಯ ಉರಿ ಸಣ್ಣ ಮಾಡಿದಳು. ಅವಳ ಮುಖ ಹಗುರವಾಗಿತ್ತು. ಆಣೆ ಸುಳ್ಳಲ್ಲ ಎಂಬುದೇ ಅವಳಿಗೆ ಸದ್ಯಕ್ಕೆ ಸಾಕಾಗಿತ್ತು. ಅಷ್ಟಕ್ಕೇ ನೊರ್ಬರ್ಟ್ ಹೊರಟುಹೋಗಬಹುದಿತ್ತು.

“ಇದು ನಿನಗೆ ಯಾವಾಗ ಗೊತ್ತಾದದ್ದು?” ಎಂದು ಅವಳು ಸಹಜವಾಗಿ ಕೇಳಿದಳು.

ಈಗ ತಾನೇ ಅನ್ನಬಹುದಿತ್ತು. ಅನ್ನಬೇಕೆಂದು ಬಾಯಿಗೂ ಬಂತು.

“ಆದಿತ್ಯವಾರ,” ಎಂದ.

“ಆದಿತ್ಯವಾರ,” ಎಂದು ಅವಳು ಹೆಬ್ಬೆರಳಿನಿಂದ ಕಿರುಬೆರಳು ಮುಟ್ಟಿದಳು. “ಸೋಮವಾರ ನೀನು ಬಂದಿದ್ದೆ. ಇಲ್ಲೇ ನಿಂತು ಚಾ ಕುಡಿದೆ.” ಹೆಬ್ಬೆರಳು ಮೂರನೆಯ ಬೆರಳಿಗೆ ಬಂದು ಅಲ್ಲೇ ನಿಂತಿತು. ಮಂಗಳವಾರ ಎಂದು ಅವಳು ಬಾಯಿ ಬಿಟ್ಟು ಹೇಳಲಿಲ್ಲ.